ಮಿದುಳಿನಿಂದ ಹೃದಯಕ್ಕೆ ಹೋದ ಸಿವಿ

ಒಂದು ಆಯ್ಕೆ ಸಮಿತಿಯಲ್ಲಿ ಕೂತಿದ್ದೆ. ಮುಂದೆ ಒಬ್ಬ ವಿಜ್ಞಾನಿಯ ಪೇಪರ್‌ಗಳ ಪಟ್ಟಿ. ಹಳೆಯ ಅರ್ಧ ಪೂರ್ತಿ ಮಿದುಳಿನ ಚಿತ್ರಣ: ಎಫ್‌ಎಂಆರ್‌ಐ (ರಕ್ತ ನೋಡಿ ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್), ಇಇಜಿ (ತಲೆಗೆ ಅಂಟಿಸಿದ ಎಲೆಕ್ಟ್ರೋಡ್‌ಗಳಿಂದ ಮಿದುಳಿನ ವಿದ್ಯುತ್ತಿನ ದಾಖಲೆ), ಎರಡನ್ನೂ ಒಂದೇ ಸಲ ತೆಗೆಯುವ ವಿಧಾನಗಳು. ಹೊಸ ಅರ್ಧ ಪೂರ್ತಿ ಹೃದಯದ ವಿದ್ಯುತ್ತು: ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳ ಲಯ ಕೆಡುವ ಕಾಯಿಲೆ), ಕ್ಯಾತಿಟರ್ ಮ್ಯಾಪಿಂಗ್ (ರಕ್ತನಾಳದ ಮೂಲಕ ತೆಳು ನಳಿಗೆ ತೂರಿಸಿ ಹೃದಯದ ಒಳಗಿನಿಂದ ನಕ್ಷೆ ಬಿಡಿಸುವುದು), ಎದೆಯ ಮೇಲಿನ ಎಲೆಕ್ಟ್ರೋಡ್‌ಗಳಿಂದ ಹೃದಯದ ಮೇಲ್ಮೈಯ ನಕ್ಷೆ ಬಿಡಿಸುವುದು. ನಡುವೆ ಕೆಲವು ವರ್ಷ ಹೆಚ್ಚುಕಡಿಮೆ ಖಾಲಿ. ಪಕ್ಕದಲ್ಲಿ ಕೂತಿದ್ದ ಹಿರಿಯರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇದು ಒಬ್ಬರದ್ದೇನಾ? ಒಂದೇ ಹೆಸರಿನ ಇಬ್ಬರ ಪೇಪರ್‌ಗಳು ಕಲೆತುಹೋಗಿಲ್ಲ ತಾನೆ?"

ಕೇಳಬಾರದ ಪ್ರಶ್ನೆಯೇನಲ್ಲ. ಹೆಸರು ನೋಡಿ ಪೇಪರ್ ಜೋಡಿಸುವ ಡೇಟಾಬೇಸ್‌ಗಳು ಇಂಥ ಎಡವಟ್ಟು ಮಾಡುತ್ತಲೇ ಇರುತ್ತವೆ. 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆ ಶುರುವಾದದ್ದೇ ಈ ಗೋಜಲು ಬಿಡಿಸುವುದಕ್ಕೆ. ನಂಬರ್ ಹಾಕಿ ನೋಡಿದೆವು. ಒಬ್ಬರೇ. ಆಗ ಹಿರಿಯರ ಎರಡನೇ ಮಾತು ಬಂತು: "ಹಾಗಾದರೆ ಎರಡು ದೋಣಿ ಮೇಲೆ ಕಾಲಿಟ್ಟಿದ್ದಾರೆ." ಎಲ್ಲರೂ ನಕ್ಕರು. ಚರ್ಚೆ ಎಚ್-ಇಂಡೆಕ್ಸ್ ಕಡೆಗೆ, ಅಂದರೆ ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಎಂಬ ಅಂಕೆಯ ಕಡೆಗೆ ಹೊರಳಿತು.

ಆ ಅರ್ಜಿ ಮುಂದೆ ಏನಾಯಿತು ಎಂದು ನಾನು ಹೇಳುವ ಹಾಗಿಲ್ಲ. ಆದರೆ ದೋಣಿಯ ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಲೇ ಇದೆ. ನನ್ನ ಕೆಲಸ ಸಿಗ್ನಲ್‌ಗಳದ್ದು. ಯಾವ ಅಂಗದಿಂದ ಬಂದರೂ ನನಗೆ ಅದೊಂದು ಅಲೆ ಅಷ್ಟೇ. ಹಾಗಾಗಿ ನನ್ನ ಕಣ್ಣಿಗೆ ಆ ಪಟ್ಟಿಯಲ್ಲಿ ಎರಡು ದೋಣಿ ಕಾಣಲೇ ಇಲ್ಲ.

ಹೊರಗೆ ನಿಂತು ಒಳಗಿನದನ್ನು ಹೇಳುವುದು

ಹೃದಯದ ವೈದ್ಯರು ಎದೆಗೆ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಮಿದುಳಿನವರು ತಲೆಗೆ. ಎದೆಯಲ್ಲಿ ಸಿಗುವುದು ಸುಮಾರು ಒಂದು ಮಿಲಿವೋಲ್ಟ್. ತಲೆಯಲ್ಲಿ ಸಿಗುವುದು ಮೈಕ್ರೋವೋಲ್ಟ್‌ಗಳ ಲೆಕ್ಕದಲ್ಲಿ, ಹತ್ತಿಪ್ಪತ್ತು, ಕೆಲವೊಮ್ಮೆ ನೂರರ ಹತ್ತಿರ. ತಲೆಬುರುಡೆಯ ಮೂಳೆ ವಿದ್ಯುತ್ತನ್ನು ಸುಲಭಕ್ಕೆ ಬಿಡುವುದಿಲ್ಲ, ಬಂದದ್ದನ್ನೂ ಕಲಸಿಬಿಡುತ್ತದೆ. ಇಷ್ಟು ವ್ಯತ್ಯಾಸ ಬಿಟ್ಟರೆ ಇಬ್ಬರ ಕಷ್ಟವೂ ಒಂದೇ. ಚರ್ಮದ ಮೇಲೆ ಅಳೆದ ವೋಲ್ಟೇಜ್ ನೋಡಿ ಒಳಗೆ ಯಾವ ಜಾಗದಲ್ಲಿ ಏನಾಯಿತು ಎಂದು ಹೇಳಬೇಕು. ಇದು ಕಟ್ಟುನಿಟ್ಟಾಗಿ ಸಾಧ್ಯವೇ ಇಲ್ಲ ಎಂದು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ತೋರಿಸಿಬಿಟ್ಟಿದ್ದ. ಹೊರಗಿನ ಅಳತೆ ಎಷ್ಟೇ ಕರಾರುವಾಕ್ಕಾಗಿರಲಿ, ಅದೇ ಅಳತೆ ಕೊಡುವ ಒಳಗಿನ ಜೋಡಣೆಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಇಸಿಜಿಯೂ ಇಇಜಿಯೂ ಹುಟ್ಟುವ ಮೊದಲೇ ಬಂದ ತೀರ್ಪು ಇದು.

ಸಾಧ್ಯವಿಲ್ಲ ಅಂತ ಯಾರೂ ಸುಮ್ನೆ ಕೂರಲಿಲ್ಲ. ಮೂಲದ ಬಗ್ಗೆ ಏನಾದರೂ ಊಹೆ ಸೇರಿಸಿದರೆ ಉತ್ತರ ಒಂದಕ್ಕೆ ಇಳಿಯುತ್ತದೆ. ಮಿದುಳಿನವರು 'ಒಟ್ಟು ಕರೆಂಟ್ ಆದಷ್ಟು ಕಡಿಮೆ ಇರಲಿ' ಎನ್ನುತ್ತಾರೆ. ಹೃದಯದವರು 'ಮೂಲ ಹೃದಯದ ಮೇಲ್ಮೈ ಮೇಲೆಯೇ ಇದೆ, ಅಕ್ಕಪಕ್ಕದ ಜಾಗಗಳಲ್ಲಿ ಒಮ್ಮೆಲೇ ಜಿಗಿಯುವುದಿಲ್ಲ' ಎನ್ನುತ್ತಾರೆ. ಎರಡರ ಕೆಳಗೂ ಟಿಖೊನೊವ್ ಎಂಬ ಗಣಿತಜ್ಞನ ಹೆಸರಿನ ಅದೇ ಗಣಿತ ಇದೆ. ಕೋಡ್ ತೆರೆದು ನೋಡಿದರೆ ವೇರಿಯಬಲ್‌ಗಳ ಹೆಸರು ಬದಲಾಗಿರುತ್ತದೆ, ಸಾಲುಗಳು ಹೆಚ್ಚುಕಡಿಮೆ ಅವೇ. ತಲೆಯ ಎಂಆರ್‌ಐ ಜಾಗದಲ್ಲಿ ಎದೆಯ ಸಿಟಿ ಬಂದಿರುತ್ತದೆ, ಮೂಳೆಯ ಜಾಗದಲ್ಲಿ ಶ್ವಾಸಕೋಶ. ಹತ್ತು ವರ್ಷ ಒಂದನ್ನು ಮಾಡಿದವರು ಇನ್ನೊಂದಕ್ಕೆ ಹೋದರೆ ಅದನ್ನು ದಾರಿ ಬದಲಿಸಿದ್ದು ಅನ್ನಬಹುದಾ? ನನಗೆ ಅನುಮಾನ.

ಚರಿತ್ರೆ ನೋಡಿದರೂ ಇವೆರಡು ಬೇರೆ ಬೇರೆ ಮನೆಯವಲ್ಲ. ಐಂಥೋವನ್ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಸ್ಟ್ರಿಂಗ್ ಗ್ಯಾಲ್ವನೋಮೀಟರ್ ಎಂಬ ಸೂಕ್ಷ್ಮ ವಿದ್ಯುತ್ ಮಾಪಕ ಕಟ್ಟಿದ್ದು ಹೃದಯಕ್ಕಾಗಿ. ಅದಕ್ಕೇ 1924ರ ನೊಬೆಲ್ ಬಂತು. ಅದೇ ವರ್ಷ ಜರ್ಮನಿಯ ಯೇನಾ ಊರಿನಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ತಲೆಯಿಂದ ಮೊದಲ ಅಲೆಗಳನ್ನು ಹಿಡಿದ. ಶುರುವಿನಲ್ಲಿ ಅವನ ಕೈಯಲ್ಲಿದ್ದದ್ದೂ ಸ್ಟ್ರಿಂಗ್ ಗ್ಯಾಲ್ವನೋಮೀಟರ್ರೇ. ಪ್ರಕಟಿಸಲು ಐದು ವರ್ಷ ಹಿಂದೇಟು ಹಾಕಿದ, 1929ರ ತನಕ. ಆ ಅಳುಕಿಗೆ ಕಾರಣ ಇತ್ತು. ಕಂಡ ಅಲೆ ನಿಜವಾಗಿ ಮಿದುಳಿನದ್ದಾ? ನಾಡಿ ಬಡಿತಕ್ಕೆ ನೆತ್ತಿ ಅಲುಗಿದ್ದರಿಂದ ಬಂದದ್ದಾ? ಹೃದಯದ ವಿದ್ಯುತ್ತೇ ಅಲ್ಲಿಗೆ ತಲುಪಿದೆಯಾ? ಅದಕ್ಕೆ ಅವನು ತಲೆಯ ಅಲೆಯ ಜೊತೆಗೇ ಇಸಿಜಿಯನ್ನೂ ಬರೆಸಿಕೊಳ್ಳುತ್ತಿದ್ದ. ಅವನು ಪ್ರಕಟಿಸಿದ ಹಲವು ಚಿತ್ರಗಳಲ್ಲಿ ಇಇಜಿಯ ಕೆಳಗೆ ಒಂದು ಇಸಿಜಿ ಗೆರೆ ಇದೆ. ಅಂದರೆ ಮಿದುಳಿನ ಚಿತ್ರಣ ಹುಟ್ಟಿದಾಗಲೇ ಹೃದಯ ಪಕ್ಕದಲ್ಲಿ ಕೂತಿತ್ತು, ಆರೋಪಿಯ ಜಾಗದಲ್ಲಿ.

ಕಾಂತಕ್ಷೇತ್ರದ ಕಥೆಯೂ ಹೀಗೇ. ಡೇವಿಡ್ ಕೋಹೆನ್ ಎಂಐಟಿಯಲ್ಲಿ ಹೊರಗಿನ ಕಾಂತಕ್ಷೇತ್ರ ಒಳಗೆ ನುಸುಳದ ಹಾಗೆ ಒಂದು ಕೋಣೆ ಕಟ್ಟಿದ. 1969ರ ಕೊನೆಗೆ ಜಿಮ್ಮರ್‌ಮನ್ ಎಂಬ ಭೌತವಿಜ್ಞಾನಿ ತಮ್ಮ ಸ್ಕ್ವಿಡ್ ಸೆನ್ಸರ್ (ಅತಿ ಸಣ್ಣ ಕಾಂತಕ್ಷೇತ್ರವನ್ನೂ ಅಳೆಯುವ ಸಾಧನ) ತಂದು ಅಲ್ಲಿಟ್ಟರು. ಮೊದಲು ಅಳೆದದ್ದು ಹೃದಯ. ಮಿದುಳಿನ ಅಲೆ ಅದೇ ಬಗೆಯ ಸೆನ್ಸರ್‌ನಲ್ಲಿ ಸ್ಪಷ್ಟವಾಗಿ ಸಿಕ್ಕಿದ್ದು ಆಮೇಲೆ, 1972ರ ಪೇಪರ್‌ನಲ್ಲಿ. ಮಿದುಳಿನ ಕ್ಷೇತ್ರ ಹೃದಯದ್ದಕ್ಕಿಂತ ನೂರು ಪಟ್ಟಿನಷ್ಟು ಚಿಕ್ಕದು, ಹಾಗಾಗಿ ಸರದಿ ಹಾಗೇ ಇರಬೇಕಿತ್ತು. ಕೋಹೆನ್‌ಗೆ ಎರಡು ದೋಣಿ ಅಂತ ಯಾರೂ ಅಂದ ಹಾಗಿಲ್ಲ.

ಮ್ಯಾಗ್ನೆಟ್ ಒಳಗೆ ಟಿ ಅಲೆ ಏಳುವುದು

ಇಷ್ಟನ್ನೆಲ್ಲ ಪುಸ್ತಕದಿಂದಲೂ ಹೇಳಬಹುದು. ನನಗೆ ಈ ನಂಟು ಕಣ್ಣೆದುರೇ ಕಂಡದ್ದು ಎಂಆರ್‌ಐ ಕಂಟ್ರೋಲ್ ರೂಮಿನಲ್ಲಿ. ಮಿದುಳಿನ ಅಧ್ಯಯನ ಅದು, ಆದರೆ ನಾಡಿಯನ್ನೂ ದಾಖಲಿಸಬೇಕಿತ್ತು. ಟೆಕ್ನೀಷಿಯನ್ ಎದೆಯ ಮೇಲೆ ನಾಲ್ಕು ಎಲೆಕ್ಟ್ರೋಡ್‌ಗಳನ್ನು ಒಂದಕ್ಕೊಂದು ತೀರಾ ಹತ್ತಿರ ಅಂಟಿಸಿದರು. ಮಾಮೂಲಿ ಇಸಿಜಿಯಲ್ಲಿ ಹೀಗೆ ಹತ್ತಿರ ಇಡುವುದಿಲ್ಲ. ವೈರುಗಳನ್ನು ಜಡೆ ಹೆಣೆದು ನೇರವಾಗಿ ಹೊರಗೆ ತಂದರು, ಎಲ್ಲೂ ಸುತ್ತು ಬೀಳದಂತೆ. ಸುತ್ತು ಬಿದ್ದರೆ ಅದರಲ್ಲಿ ಕರೆಂಟ್ ಹರಿದು ಚರ್ಮ ಸುಡಬಹುದು. ಮಂಚ ಇನ್ನೂ ಹೊರಗಿತ್ತು. ಮಾನಿಟರ್‌ನಲ್ಲಿ ಚೊಕ್ಕವಾದ ಇಸಿಜಿ: ಪ್ರತಿ ಬಡಿತಕ್ಕೂ ಆರ್ ಎಂಬ ಚೂಪಾದ ಅಲೆ, ಅದರ ಹಿಂದೆ ಟಿ ಎಂಬ ಗುಂಡಗಿನ ಪುಟ್ಟ ಅಲೆ.

ಬಟನ್ ಒತ್ತಿದರು. ಮಂಚ ನಿಧಾನಕ್ಕೆ ಒಳಗೆ ಸರಿಯಿತು. ಸರಿದಂತೆಲ್ಲ ಟಿ ಅಲೆ ಮೇಲೇಳತೊಡಗಿತು. ಯಾರೂ ಏನೂ ಮುಟ್ಟಿಲ್ಲ, ಸ್ಕ್ಯಾನ್ ಶುರುವಾಗಿಲ್ಲ, ಮಲಗಿದವರಿಗೆ ಏನೂ ಆಗಿಲ್ಲ. ಆದರೂ ಮಂಚ ನಿಂತಾಗ ಟಿ ಅಲೆ ಆರ್‌ನಷ್ಟೇ ಎತ್ತರ. ಬಡಿತ ಎಣಿಸುವ ಯಂತ್ರ ಒಂದು ಬಡಿತಕ್ಕೆ ಎರಡು ಎಣಿಸಿತು. ಪರದೆಯ ಮೂಲೆಯಲ್ಲಿ ಅರವತ್ತರ ಆಸುಪಾಸು ಇದ್ದ ನಾಡಿ ನೂರಿಪ್ಪತ್ತು ದಾಟಿತು. ಹೊಸಬರಾದರೆ ಗಾಬರಿ ಬೀಳಬೇಕು. ಟೆಕ್ನೀಷಿಯನ್ ಮಾತ್ರ "ಅದು ರಕ್ತ" ಎಂದು ಹೇಳಿ ಬೆರಳಿಗೆ ನಾಡಿ ಕ್ಲಿಪ್ ಹಾಕಲು ಒಳಗೆ ಹೋದರು.

ಅದು ರಕ್ತವೇ. ರಕ್ತದಲ್ಲಿ ಅಯಾನುಗಳಿವೆ. ಅವು ಬಲವಾದ ಕಾಂತಕ್ಷೇತ್ರದಲ್ಲಿ ಅಡ್ಡಕ್ಕೆ ಹರಿದರೆ ವೋಲ್ಟೇಜ್ ಹುಟ್ಟುತ್ತದೆ. ಹೃದಯ ಹಿಂಡಿದ ರಕ್ತ ಮಹಾಪಧಮನಿಯಲ್ಲಿ ನುಗ್ಗುವ ಹೊತ್ತು ಸರಿಯಾಗಿ ಟಿ ಅಲೆಯ ಹೊತ್ತಿಗೇ ಬೀಳುತ್ತದೆ. ಹಾಗಾಗಿ ಎರಡೂ ಒಂದರ ಮೇಲೊಂದು ಕೂತು ಟಿ ದೊಡ್ಡದಾಗಿ ಕಾಣುತ್ತದೆ. ಮಿದುಳಿನ ಚಿತ್ರಣ ಮಾಡುವವರಿಗೆ ಇದು ಬರೀ ತಲೆನೋವು. ಆದರೆ ಟಿ ಅಂದರೇನು, ಅದು ಯಾಕೆ ಅಲ್ಲೇ ಬರುತ್ತದೆ ಎಂದು ಒಂದು ಸಲ ತಲೆಕೆಡಿಸಿಕೊಂಡವರು ಎಲೆಕ್ಟ್ರೋಫಿಸಿಯಾಲಜಿಯ, ಅಂದರೆ ಹೃದಯದ ವಿದ್ಯುತ್ತನ್ನು ಓದುವ ವಿಜ್ಞಾನದ ಹೊಸ್ತಿಲಿಗೆ ಬಂದು ನಿಂತ ಹಾಗೆಯೇ.

ಇಇಜಿ ಟೋಪಿ ಹಾಕಿಕೊಂಡು ಮ್ಯಾಗ್ನೆಟ್ ಒಳಗೆ ಹೋದರಂತೂ ಇನ್ನೂ ಫಜೀತಿ. ಪ್ರತಿ ಬಡಿತಕ್ಕೂ ತಲೆ ಕೂದಲೆಳೆಯಷ್ಟು ಅಲುಗುತ್ತದೆ. ಆ ಕ್ಷೇತ್ರದಲ್ಲಿ ವೈರು ಅಷ್ಟು ಅಲುಗಿದರೂ ಸಾಕು, ಮಿದುಳಿನ ಅಲೆಗಿಂತ ದೊಡ್ಡ ವೋಲ್ಟೇಜ್ ಬರುತ್ತದೆ. ಅದನ್ನು ತೆಗೆಯಲು ಪ್ರತಿ ಬಡಿತದ ಆರ್ ಸರಿಯಾಗಿ ಗುರುತಿಸಬೇಕು, ಬಡಿತಗಳ ಸುತ್ತಲ ಇಇಜಿಯ ಸರಾಸರಿ ತೆಗೆದು ಕಳೆಯಬೇಕು. ಆರ್ ತಪ್ಪಿದರೆ ಕಳೆಯುವ ಬದಲು ಹೊಸ ಕಸ ಸೇರಿಸಿದ ಹಾಗೆ. ಆ ಸಿವಿಯ ಹಳೆಯ ಅರ್ಧದಲ್ಲಿದ್ದ ಕೆಲಸಗಳಲ್ಲಿ ಒಂದಷ್ಟು ಇಂಥವೇ. ಶೀರ್ಷಿಕೆಯಲ್ಲಿ ಮಿದುಳು ಇರುತ್ತದೆ. ಒಳಗೆ ಪುಟಗಟ್ಟಲೆ ಹೃದಯ.

ಮೂವತ್ತು ಸೆಕೆಂಡಿನ ಸುಳ್ಳು ಅಲೆ

ಎಫ್‌ಎಂಆರ್‌ಐನಲ್ಲಿ ಹೃದಯ ಇನ್ನೊಂದು ವೇಷದಲ್ಲಿ ಬರುತ್ತದೆ. ಇದು ನನಗೆ ಇಷ್ಟದ ಲೆಕ್ಕ, ಸ್ವಲ್ಪ ತಾಳ್ಮೆಯಿರಲಿ. ಎಫ್‌ಎಂಆರ್‌ಐ ನೋಡುವುದು ನರಕೋಶಗಳ ವಿದ್ಯುತ್ತನ್ನಲ್ಲ, ರಕ್ತದ ಆಮ್ಲಜನಕವನ್ನು. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ಕದಡುತ್ತದೆ, ಹೊತ್ತುಕೊಂಡದ್ದು ಅಷ್ಟಾಗಿ ಕದಡುವುದಿಲ್ಲ. ಪೌಲಿಂಗ್ ಮತ್ತು ಕೊರಿಯೆಲ್ ಇದನ್ನು ಕಂಡದ್ದು 1936ರಲ್ಲಿ. ಸೈಜಿ ಒಗಾವಾ ಅದರಿಂದ ಮಿದುಳಿನ ಚಿತ್ರ ತೆಗೆಯಬಹುದೆಂದು ತೋರಿಸಿದ್ದು 1990ರಲ್ಲಿ. ರಕ್ತವನ್ನು ನೋಡುವ ಯಂತ್ರದಲ್ಲಿ ರಕ್ತವನ್ನು ತಳ್ಳುವ ಪಂಪು ಕಾಣದೆ ಇರುತ್ತದಾ?

ಪೂರ್ತಿ ಮಿದುಳಿನ ಒಂದು ಚಿತ್ರಕ್ಕೆ ಎರಡು ಸೆಕೆಂಡ್ ಅಂದುಕೊಳ್ಳಿ. ಬಹಳ ಕಾಲ ಅದೇ ಮಾಮೂಲಿ ವೇಗ. ಮಲಗಿದವರ ನಾಡಿ ನಿಮಿಷಕ್ಕೆ 62. ಎರಡು ಸೆಕೆಂಡಿನಲ್ಲಿ ಹೃದಯ ಎರಡು ಸಲ ಬಡಿದು ಮೂರನೆಯದರ ಹದಿನೈದನೇ ಒಂದು ಭಾಗ ಮುಗಿಸಿರುತ್ತದೆ. ಮುಂದಿನ ಚಿತ್ರದಲ್ಲಿ ಇನ್ನೊಂದು ಹದಿನೈದನೇ ಒಂದು ಭಾಗ ಮುಂದೆ. ಹದಿನೈದು ಚಿತ್ರ, ಅಂದರೆ 30 ಸೆಕೆಂಡ್ ಆದಮೇಲೆ ಮತ್ತೆ ಅದೇ ಜಾಗಕ್ಕೆ. ಸೆಕೆಂಡಿಗೊಮ್ಮೆ ಬಡಿಯುವ ಹೃದಯ ಡೇಟಾದಲ್ಲಿ 30 ಸೆಕೆಂಡಿಗೊಮ್ಮೆ ಏರಿಳಿಯುವ ನಿಧಾನ ಅಲೆಯಾಗಿ ಕಾಣುತ್ತದೆ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ನಿಧಾನಕ್ಕೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಮೋಸ.

ಈ ಸುಳ್ಳು ಅಲೆ ಬೀಳುವ ಜಾಗ ಇದೆಯಲ್ಲ, ಅದು ಇನ್ನೂ ಕೆಟ್ಟದ್ದು. 1995ರಲ್ಲಿ ಭರತ್ ಬಿಸ್ವಾಲ್ ಒಂದು ವಿಚಿತ್ರ ಕಂಡರು. ಸುಮ್ಮನೆ ಮಲಗಿದವರ ಮಿದುಳಿನಲ್ಲೂ ಎಡ ಬಲದ ಚಲನೆಯ ಭಾಗಗಳು ಒಟ್ಟಿಗೆ ನಿಧಾನಕ್ಕೆ ಏರಿಳಿಯುತ್ತಿದ್ದವು, ಹತ್ತು ಸೆಕೆಂಡಿಗಿಂತ ಜಾಸ್ತಿ ಹೊತ್ತಿನ ಅಲೆಗಳಲ್ಲಿ. 'ರೆಸ್ಟಿಂಗ್ ಸ್ಟೇಟ್' ಎಂಬ ದೊಡ್ಡ ಕ್ಷೇತ್ರ ಅಲ್ಲಿಂದ ಬೆಳೆಯಿತು. ಹೃದಯದ ಸುಳ್ಳು ಅಲೆ ಬಂದು ಕೂರಬಹುದಾದದ್ದು ಸರಿಯಾಗಿ ಇಲ್ಲೇ. ಹಾಗಾಗಿ ಬಹಳ ಜನ ಇದು ಬರೀ ಉಸಿರು ಮತ್ತು ನಾಡಿಯ ಕಸ ಎಂದು ಅನುಮಾನಿಸಿದ್ದರಲ್ಲಿ ಅರ್ಥ ಇತ್ತು. ನಿಜವಾಗಿ ಪೂರ್ತಿ ಕಸವಲ್ಲ, ಆದರೆ ಕಸ ಇಲ್ಲದೆಯೂ ಇಲ್ಲ. 2000ದಲ್ಲಿ ಗ್ಯಾರಿ ಗ್ಲೋವರ್ ಮತ್ತು ಜೊತೆಗಾರರು ಪ್ರತಿ ಚಿತ್ರ ತೆಗೆದ ಹೊತ್ತಿಗೆ ಹೃದಯ ತನ್ನ ಬಡಿತದ ಯಾವ ಹಂತದಲ್ಲಿತ್ತು ಎಂದು ಲೆಕ್ಕ ಹಾಕಿ ಆ ಭಾಗವನ್ನು ಕಳೆಯುವ ದಾರಿ ತೋರಿಸಿದರು. ಆಮೇಲೆ ಬಡಿತದ ವೇಗ ಏರಿಳಿಯುವುದೂ ಲೆಕ್ಕಕ್ಕೆ ಬಂತು. ಒಂದೊಂದು ಸಲ ತಿದ್ದಿದಾಗಲೂ ಮಿದುಳಿನವರು ಹೃದಯವನ್ನು ಇನ್ನಷ್ಟು ಓದಬೇಕಾಯಿತು. ಬುಡದ ಅಪಧಮನಿಗಳ ಸುತ್ತ, ಮಿದುಳುಬಳ್ಳಿಯ ಹತ್ತಿರ ನಾಡಿಯ ಗಲಾಟೆ ಎಷ್ಟಿರುತ್ತದೆ ಎಂದು ಅಲ್ಲಿ ಕೆಲಸ ಮಾಡಿದವರನ್ನೇ ಕೇಳಬೇಕು.

ಯಾಕೆ ಬಿಟ್ಟು ಹೋಗುತ್ತಾರೆ

ಇದು ನನ್ನ ಊಹೆ. ಆ ವಿಜ್ಞಾನಿಯನ್ನು ನಾನು ಕೇಳಿಲ್ಲ. ಗಣಿತ ಒಂದೇ ಎಂಬುದು ಒಂದು ಕಾರಣ ಇರಬಹುದು. 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಪ್ರಾಣಿಯ ನರದ ಮೇಲೆ ಬರೆದ ಸಮೀಕರಣಗಳನ್ನೇ ಡೆನಿಸ್ ನೋಬಲ್ 1960ರಲ್ಲಿ ತಿದ್ದಿ ಹೃದಯದೊಳಗೆ ವಿದ್ಯುತ್ತು ಹರಡುವ ಪರ್ಕಿಂಜಿ ತಂತುವಿಗೆ ಹೊಂದಿಸಿದ. ಲಂಡನ್ ವಿಶ್ವವಿದ್ಯಾಲಯದ ಮರ್ಕ್ಯುರಿ ಕಂಪ್ಯೂಟರ್‌ನಲ್ಲಿ ಅವನಿಗೆ ಸಿಕ್ಕ ಹೊತ್ತು ರಾತ್ರಿ ಎರಡರಿಂದ ನಾಲ್ಕು. ನರದ ಮಿಡಿತ ಒಂದೆರಡು ಮಿಲಿಸೆಕೆಂಡ್, ಹೃದಯದ್ದು 200-300. ಅದೇ ಸಮೀಕರಣ ಪೊಟ್ಯಾಸಿಯಂ ಚಾನಲ್‌ಗಳನ್ನು (ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಸಾಗುವ ಬಾಗಿಲುಗಳು) ಬದಲಿಸಿದ ಮೇಲೆ ಅಷ್ಟು ಉದ್ದಕ್ಕೆ ಎಳೆದುಕೊಂಡಿತು.

ಆದರೆ ನನಗೆ ಜಾಸ್ತಿ ಅನಿಸುವುದು ಬೇರೆ ಕಾರಣ. ಹೃದಯದಲ್ಲಿ ಉತ್ತರ ಸರಿಯೋ ತಪ್ಪೋ ಎಂದು ಗೊತ್ತಾಗುತ್ತದೆ. ಮಿದುಳಿನ ನಕ್ಷೆಯಲ್ಲಿ ಒಂದು ಕಡೆ ಬಣ್ಣ ಕಂಡರೆ ಅದು ನಿಜವಾ ಎಂದು ಒಳಗೆ ಹೋಗಿ ನೋಡುವ ಅವಕಾಶ ಬಹಳ ಕಡಿಮೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಮನುಷ್ಯರ ಫೋಟೋ ತೋರಿಸಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿ ಬಿಟ್ಟರೆ ಸತ್ತ ಮೀನಿನ ಮಿದುಳೂ 'ಕೆಲಸ ಮಾಡುತ್ತದೆ'. ಎಲ್ಲರೂ ನಕ್ಕೆವು, 2012ರಲ್ಲಿ ಇಗ್ ನೊಬೆಲ್ ಕೂಡ ಬಂತು. 2016ರಲ್ಲಿ ಎಕ್ಲುಂಡ್ ಮತ್ತು ಜೊತೆಗಾರರ ಪೇಪರ್ ಬಂದಾಗ ನಗು ನಿಂತಿತು. ಎಲ್ಲರೂ ಬಳಸುತ್ತಿದ್ದ ಸಾಫ್ಟ್‌ವೇರ್‌ಗಳು ತಿದ್ದುಪಡಿ ಮಾಡಿದ ಮೇಲೂ ಕೆಲವು ಸೆಟ್ಟಿಂಗ್‌ಗಳಲ್ಲಿ 5 ಶೇಕಡ ಇರಬೇಕಿದ್ದ ಸುಳ್ಳು ಫಲಿತಾಂಶವನ್ನು 70 ಶೇಕಡದ ತನಕ ಕೊಡುತ್ತಿದ್ದವು. ಆ ಕಾಲದಲ್ಲಿ ಆ ಕ್ಷೇತ್ರದಲ್ಲಿದ್ದ ಯಾರಿಗಾದರೂ ತನ್ನ ಹಳೆಯ ಪೇಪರ್‌ಗಳನ್ನು ಮತ್ತೆ ತೆರೆದು ನೋಡಬೇಕು ಅನಿಸದೆ ಇದ್ದಿರಲಾರದು.

ಈಗ ಹೃದಯ ನೋಡಿ. 1998ರಲ್ಲಿ ಫ್ರಾನ್ಸಿನ ಬೋರ್ಡೋದ ಹೈಸಗೇರ್ ಎಂಬ ವೈದ್ಯರ ತಂಡ 45 ರೋಗಿಗಳಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಎಲ್ಲಿಂದ ಶುರುವಾಗುತ್ತದೆ ಎಂದು ಕ್ಯಾತಿಟರ್ ತೂರಿಸಿ ಹುಡುಕಿತು. ಸಿಕ್ಕ 69 ಜಾಗಗಳಲ್ಲಿ 94 ಶೇಕಡ ಶ್ವಾಸಕೋಶದಿಂದ ರಕ್ತ ತರುವ ಸಿರೆಗಳೊಳಗೆ. ಅಷ್ಟಕ್ಕೇ ನಿಲ್ಲಲಿಲ್ಲ. ಆ ಜಾಗ ಸುಟ್ಟರು, ಬಹಳ ರೋಗಿಗಳಲ್ಲಿ ಲಯದ ತೊಂದರೆ ನಿಂತಿತು. ನಕ್ಷೆಯಲ್ಲಿ ಬೆರಳಿಟ್ಟ ಜಾಗ ಸರಿಯಿದ್ದರೆ ಮಾನಿಟರ್‌ನಲ್ಲೇ ಗೊತ್ತಾಗುತ್ತದೆ. ಹತ್ತು ವರ್ಷ ಪರೀಕ್ಷೆಗೆ ಸಿಗದ ನಕ್ಷೆ ಬಿಡಿಸಿದವರಿಗೆ ಇದರ ಸೆಳೆತ ಎಷ್ಟಿರಬೇಡ!

ಹಾಗಂತ ಹೃದಯದ ಕಡೆ ಎಲ್ಲ ಸಲೀಸು ಅಂತಲ್ಲ. ಹೃದಯಾಘಾತ ಆದವರಲ್ಲಿ ನಡುನಡುವೆ ಬರುವ ಹೆಚ್ಚುವರಿ ಬಡಿತಗಳು ಸಾವಿನ ಸೂಚನೆ. ಹಾಗಾದರೆ ಅವನ್ನು ಔಷಧಿಯಿಂದ ಅಡಗಿಸಿದರೆ ಆಯಿತಲ್ಲ? ಕಾಸ್ಟ್ ಎಂಬ ದೊಡ್ಡ ಪ್ರಯೋಗ ಇದನ್ನು ನೋಡಲು ಹೊರಟಿತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳು ಹೆಚ್ಚುವರಿ ಬಡಿತಗಳನ್ನು ಚೆನ್ನಾಗಿಯೇ ಅಡಗಿಸಿದವು. 1989ರಲ್ಲಿ ಅವೆರಡನ್ನೂ ನಿಲ್ಲಿಸಬೇಕಾಯಿತು. ಹೆಚ್ಚುಕಡಿಮೆ ಸಮಾನವಾದ ಎರಡು ಗುಂಪುಗಳಲ್ಲಿ ಬರೀ ಸಕ್ಕರೆ ಮಾತ್ರೆಯಂಥದ್ದು ತೆಗೆದುಕೊಂಡವರಲ್ಲಿ 26 ಸಾವು, ಔಷಧಿ ತೆಗೆದುಕೊಂಡವರಲ್ಲಿ 63. ಇಸಿಜಿ ಚಂದವಾಗಿತ್ತು, ಮನುಷ್ಯ ಉಳಿಯಲಿಲ್ಲ. ಇಲ್ಲೂ ನೋಡಿ, ಸತ್ಯ ಹೊರಬಿದ್ದದ್ದು ಸತ್ತವರನ್ನು ಎಣಿಸಿದ್ದರಿಂದ. ತಪ್ಪು ತಿಳಿಯಲು ಒಂದು ದಾರಿ ಇತ್ತು, ದುಬಾರಿ ದಾರಿ.

ಪಟ್ಟಿಯಲ್ಲಿ ಬಾರದ್ದು

ಎಚ್-ಇಂಡೆಕ್ಸ್ ಅನ್ನು ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಹೇಳಿದ. 20 ಪೇಪರ್‌ಗಳಿಗೆ ತಲಾ ಕನಿಷ್ಠ 20 ಉಲ್ಲೇಖ ಇದ್ದರೆ ಎಚ್ 20. ಒಂದೇ ಕ್ಷೇತ್ರದಲ್ಲಿ ಬೇರೂರಿದವರಿಗೆ ಇದು ತನ್ನಷ್ಟಕ್ಕೆ ಬೆಳೆಯುತ್ತದೆ. ಹಳೆಯ ಜೊತೆಗಾರರು ಉಲ್ಲೇಖಿಸುತ್ತಾರೆ, ಸಮ್ಮೇಳನದಲ್ಲಿ ಹೆಸರು ಗೊತ್ತಿರುತ್ತದೆ. ಕ್ಷೇತ್ರ ಬದಲಿಸಿದವರಿಗೆ ಅದೆಲ್ಲ ಮೊದಲಿನಿಂದ. ನಡುವೆ ಕಂಡ ಆ ಖಾಲಿ ವರ್ಷಗಳಲ್ಲಿ ಏನು ನಡೆದಿರುತ್ತದೆ ಎಂದು ಇಂಥ ದಾರಿ ಹಿಡಿದವರಿಗೆ ಗೊತ್ತು: ಕ್ಯಾತಿಟರ್ ತೂರಿಸುವ ಕ್ಯಾತ್ ಲ್ಯಾಬಿನಲ್ಲಿ ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಹಾಕಿಕೊಂಡು ಗಂಟೆಗಟ್ಟಲೆ ನಿಲ್ಲುವುದು, ಏಟ್ರಿಯಂನ (ಹೃದಯದ ಮೇಲಿನ ಕೋಣೆ) ಮಿಡಿತ ಯಾವುದು, ದೂರದ ವೆಂಟ್ರಿಕಲ್‌ನಿಂದ (ಕೆಳಗಿನ ಕೋಣೆ) ಸೋರಿ ಬಂದದ್ದು ಯಾವುದು ಎಂದು ಕಣ್ಣು ಪಳಗಿಸಿಕೊಳ್ಳುವುದು, ಡಾಕ್ಟರುಗಳು ಮುಖ ನೋಡಿ ನಂಬುವ ತನಕ ಕಾಯುವುದು. ಇದಕ್ಕೆ ಸಿವಿಯಲ್ಲಿ ಕಾಲಂ ಇಲ್ಲ. ಹಾಗೇ ಬೇರೆಯವರೆಲ್ಲ ಬಳಸುವ ಕೋಡ್ ಬರೆದಿದ್ದರೂ ಅದು ಪಟ್ಟಿಯ ಕೊನೆಯ ಪುಟದಲ್ಲಿ ಇಷ್ಟೇ ಇಷ್ಟು ಅಕ್ಷರದಲ್ಲಿ ಇರುತ್ತದೆ.

ಅದಕ್ಕೇ ನಾನು ಈಗ ಸಿವಿ ಕೈಗೆ ಬಂದರೆ ಶೀರ್ಷಿಕೆ ಎಣಿಸುವುದಿಲ್ಲ. ಹಳೆಯದೊಂದು, ಹೊಸದೊಂದು ಪೇಪರ್ ತೆಗೆದು ವಿಧಾನದ ಭಾಗ ಓದುತ್ತೇನೆ. ಕಸ ಎಂದು ಯಾವುದನ್ನು ಕರೆದಿದ್ದಾರೆ, ಅದನ್ನು ಹೇಗೆ ತೆಗೆದಿದ್ದಾರೆ, ತೆಗೆದದ್ದು ಸರಿಯಾಗಿದೆ ಎಂದು ಹೇಗೆ ಖಾತ್ರಿ ಮಾಡಿಕೊಂಡಿದ್ದಾರೆ. ಆ ಅರ್ಜಿಯಲ್ಲಿ ಹತ್ತು ವರ್ಷದ ಅಂತರದ ಎರಡು ಪೇಪರ್‌ಗಳು ಈ ವಿಷಯದಲ್ಲಿ ಒಂದೇ ಕೈಬರಹದಂತಿದ್ದವು. ಮೊದಲನೆಯದರಲ್ಲಿ ಹೃದಯವನ್ನು ಕಳೆದು ಬಿಸಾಡಿದ್ದರು. ಎರಡನೆಯದರಲ್ಲಿ ಅದನ್ನೇ ಉಳಿಸಿಕೊಂಡಿದ್ದರು. ಅಭಿಪ್ರಾಯದಲ್ಲಿ ನಾನು ಬರೆದದ್ದು ಇದನ್ನೇ. ಎಚ್-ಇಂಡೆಕ್ಸ್ ಬಗ್ಗೆ ಒಂದು ಸಾಲೂ ಬರೆಯಲಿಲ್ಲ, ಬೇಕಾದವರು ಎಣಿಸಿಕೊಳ್ಳಲಿ.

ಇಂಥವರು ಈಗ ಬೇಕಾಗಿರುವ ಒಂದು ಜಾಗವೂ ಇದೆ. ಪ್ರತಿ ಬಡಿತಕ್ಕೆ ಮಿದುಳು ಕೊಡುವ ಪುಟ್ಟ ಪ್ರತಿಕ್ರಿಯೆಯನ್ನು ಇಇಜಿಯಲ್ಲಿ ಹುಡುಕುವ ಕೆಲಸ ಈಚೆಗೆ ಜೋರಾಗಿದೆ. ನಾವು ನಮ್ಮ ದೇಹವನ್ನು ಒಳಗಿನಿಂದ ಹೇಗೆ ಅರಿಯುತ್ತೇವೆ, ಆತಂಕದಲ್ಲಿ ಅದು ಹೇಗೆ ಬದಲಾಗುತ್ತದೆ ಎಂಬೆಲ್ಲ ಪ್ರಶ್ನೆಗಳಿಗೆ ಇದನ್ನು ಬಳಸುತ್ತಾರೆ. ತೊಡಕೇನೆಂದರೆ ಹೃದಯದ ವಿದ್ಯುತ್ತು ನೇರವಾಗಿಯೂ ನೆತ್ತಿಯ ತನಕ ಬರುತ್ತದೆ, ಅದೇ ಬಡಿತಕ್ಕೆ ಕಟ್ಟಿಹಾಕಿದ ಹಾಗೆ. ಬರ್ಗರ್‌ನ ಅನುಮಾನ ಹಾಗೇ ಇದೆ. ಇಂಥ ಪೇಪರ್ ವಿಮರ್ಶೆಗೆ ಬಂದಾಗ ನಾನು ಚಂದದ ಬಣ್ಣದ ತಲೆಗಳನ್ನು ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು ಎರಡು ವಿಷಯ. ಎರಡು ಸನ್ನಿವೇಶಗಳ ನಡುವೆ ಇಸಿಜಿಯೇ ಬದಲಾಗಿದೆಯಾ ಎಂದು ನೋಡಿದ್ದಾರಾ? ಬಡಿತದ ಹೊತ್ತುಗಳನ್ನು ಬೇಕೆಂದೇ ಅತ್ತಿತ್ತ ಸರಿಸಿ ಮತ್ತೆ ಸರಾಸರಿ ತೆಗೆದಾಗ ಆ ಪ್ರತಿಕ್ರಿಯೆ ಮಾಯವಾಯಿತಾ? ಎರಡೂ ಇಲ್ಲದಿದ್ದರೆ ಪೇಪರ್ ವಾಪಸ್ ಹೋಗುತ್ತದೆ.